ಸಣ್ಣ ಗೇಟಿನ ಬೀಗ

ಸಲೂನಿಗೆ ಬರುವವರೆಲ್ಲ ಅವರನ್ನು ಕೋಚ್ ಎಂದೇ ಕರೆಯುತ್ತಿದ್ದರು. ನಿಜ ಹೇಳಬೇಕೆಂದರೆ ಅವರು ಹುಟ್ಟಿದಾಗಿನಿಂದ ಯಾರಿಗೂ ಚೆಂಡು ಒದೆಯಲು ಕಲಿಸಿದವರಲ್ಲ. ಶಾಲೆಯ ಮೈದಾನ ನೋಡಿಕೊಳ್ಳುವುದು ಅವರ ಕೆಲಸವಾಗಿತ್ತು. ಹುಲ್ಲು ಕತ್ತರಿಸುವುದು, ನೀರು ಹಾಯಿಸುವುದು, ಪಂದ್ಯದ ಹಿಂದಿನ ದಿನ ಹಗ್ಗ ಬಿಗಿದು ಸುಣ್ಣದ ಗೆರೆ ಎಳೆಯುವುದು, ಸಂಜೆಯಾದರೆ ಎಲ್ಲರನ್ನೂ ಹೊರಗೆ ಅಟ್ಟಿ ಗೇಟು ಮುಚ್ಚಿಸುವುದು. ಅವರು ಎಳೆದ ಗೆರೆ ಎಲ್ಲೂ ಸೊಟ್ಟಗಾಗುತ್ತಿರಲಿಲ್ಲ, ಅದನ್ನು ಮಾತ್ರ ಯಾರೂ ಅಲ್ಲಗಳೆಯುವಂತಿಲ್ಲ. ತಲೆತುಂಬ ಕೂದಲಿದ್ದಾಗ ಕೆಲಸಕ್ಕೆ ಸೇರಿ ಪೂರ್ತಿ ಬೋಳಾದ ಮೇಲೆ ನಿವೃತ್ತರಾದವರು. ಹಾಗಾಗಿ ಸಲೂನಿನ ಕುರ್ಚಿಯಲ್ಲಿ ಅವರಿಗೆ ಕೆಲಸವೇನೂ ಇರಲಿಲ್ಲ. ಬರುತ್ತಿದ್ದದ್ದು ಗೋಡೆಯ ಮೇಲಿನ ಟೀವಿಗೆ ಮತ್ತು ಮಾತಿಗೆ, ಅದರಲ್ಲೂ ಮಾತಿಗೆ.

ಆ ವರ್ಷ ಮಹಿಳೆಯರ ಅಂತರರಾಷ್ಟ್ರೀಯ ಫುಟ್‌ಬಾಲ್ ಪಂದ್ಯಾವಳಿ ಶುರುವಾದ ಮೇಲಂತೂ ಅವರನ್ನು ಹಿಡಿಯುವವರೇ ಇರಲಿಲ್ಲ. ನಮ್ಮ ತಂಡದ ಏಳನೇ ನಂಬರಿನ ಹುಡುಗಿ ಅವರ ಶಾಲೆಯವಳು, ಅವರ ಮೈದಾನದಲ್ಲೇ ಆಡಿ ಬೆಳೆದವಳು. ಅವಳ ಕಾಲಿಗೆ ಚೆಂಡು ಬಂದರೆ ಸಾಕು, ಇವರು ಬೆಂಚಿನಿಂದ ಅರ್ಧ ಎದ್ದು ನಿಲ್ಲುತ್ತಿದ್ದರು.

“ನೋಡ್ರಿ, ನೋಡ್ರಿ ಆ ಎಡಗಾಲು! ಅದನ್ನ ತಯಾರು ಮಾಡಿದ್ದು ಈ ಕೈ.”

“ಕಾಲನ್ನ ಕೈ ತಯಾರು ಮಾಡ್ತಾ ಕೋಚ್ ಸಾಹೇಬ್ರೇ?” ಎಂದು ಬಸ್ಸಿನ ಡ್ರೈವರ್ ಕೆಣಕುತ್ತಿದ್ದ.

“ನೀನು ಸ್ಟಿಯರಿಂಗ್ ಹಿಡ್ಕೊಂಡು ಸುಮ್ನೆ ಕೂತ್ಕೋ. ನಿನಗೇನು ಗೊತ್ತು?”

ಅವರು ರೈಲು ಬಿಡುತ್ತಿದ್ದಾರೆಂದು ಎಲ್ಲರಿಗೂ ಅನುಮಾನವಿತ್ತು. ಆದರೆ ಒಂದು ಬೀದಿಗೆ ಅಂಥ ಹೆಮ್ಮೆ ದಿನಾ ಸಿಗುವುದಿಲ್ಲವಲ್ಲ, ಹಾಗಾಗಿ ಯಾರೂ ಕೆದಕಲಿಲ್ಲ. ಸಲೂನಿನ ಯಜಮಾನನಂತೂ ಹೊಸ ಗಿರಾಕಿ ಬಂದರೆ ಕತ್ತರಿ ನಿಲ್ಲಿಸಿ, ಏಳನೇ ನಂಬರಿನ ಗುರುಗಳು ಎಂದು ಪರಿಚಯ ಮಾಡಿಸುತ್ತಿದ್ದ.

ಪಂದ್ಯದ ಮಾತು ಮುಗಿದರೆ ಅವರ ಬಳಿ ಇನ್ನೊಂದು ಸರಕಿತ್ತು, ಹೆಂಡತಿಯ ಮರೆವು. “ಮೈದಾನದ ಗೇಟಿಗೆ ಬೀಗ ಹಾಕ್ಕೊಂಡು ಬಾ ಅಂತ ಕಳಿಸಿದ್ರೆ, ಕೀಲಿ ಹಿಡ್ಕೊಂಡು ಗಾಳಿ ತಿಂದು ವಾಪಸ್ ಬರೋಳು ನಮ್ಮ ಮನೆಯವಳು. ಬೀಗ ಅಲ್ಲೇ ಬಾಯಿ ಬಿಟ್ಕೊಂಡು ನೇತಾಡ್ತಿರೋದು!” ಎಂದು ಅವರು ನಟಿಸಿ ತೋರಿಸಿದರೆ ಸಲೂನಿಗೆ ಸಲೂನೇ ನಗುತ್ತಿತ್ತು. ನಿಮ್ಮನ್ನ ಮದುವೆಯಾಗಿದ್ದೊಂದು ನೆನಪಿದ್ಯಲ್ಲ, ಪುಣ್ಯ, ಎನ್ನುತ್ತಿದ್ದ ಯಜಮಾನ. ಈ ಕತೆ ಎಷ್ಟು ಸಲ ಹೇಳಿದ್ದರೋ, ಆ ಬೀದಿಯಲ್ಲಿ ಯಾರ ಮನೆಯಲ್ಲಿ ಯಾರು ಏನೇ ಮರೆತರೂ ಮೊದಲು ನೆನಪಾಗುತ್ತಿದ್ದದ್ದು ಆಕೆಯೇ. ಅಂಗಡಿಯವನು ಚಿಲ್ಲರೆ ಕೊಡುವಾಗಲೂ, “ಅಮ್ಮ, ಇಲ್ಲೇ ಬಿಟ್ಟು ಹೋಗ್ಬೇಡಿ ಮತ್ತೆ,” ಎನ್ನುತ್ತಿದ್ದ. ಆಕೆ ಏನನ್ನೂ ಬಿಟ್ಟು ಹೋದದ್ದಿಲ್ಲ. ಸುಮ್ಮನೆ ನಕ್ಕು ಬರುತ್ತಿದ್ದರು.

ಸೆಮಿಫೈನಲ್ ದಿನ ಸಂಜೆ ಕೋಚ್ ಚಪ್ಪಲಿ ಮೆಟ್ಟುತ್ತಿದ್ದಾಗ ಹೆಂಡತಿ ಒಳಗಿನಿಂದ ಕೈಚೀಲ ಹಿಡಿದು ಬಂದರು.

“ನಾನೂ ಬರ್ತೀನಿ.”

“ಸಲೂನಿಗಾ? ಆಫ್‌ಸೈಡ್ ಅಂದ್ರೆ ಏನು ಅಂತ ಗೊತ್ತಾ ನಿನಗೆ?”

“ಅದು ಗೊತ್ತಿಲ್ಲ. ಆ ಹುಡುಗಿ ಗೊತ್ತು.”

ಗೊಣಗುತ್ತಲೇ ಕರೆದುಕೊಂಡು ಹೋದರು. ಸಲೂನಿನಲ್ಲಿ ಆಗಲೇ ಕಾಲಿಡಲು ಜಾಗವಿರಲಿಲ್ಲ. ಆಸ್ಪತ್ರೆಯ ನರ್ಸ್ ಒಬ್ಬರು ಸರಿದು ಆಕೆಗೆ ಬೆಂಚಿನ ತುದಿಯಲ್ಲಿ ಜಾಗ ಮಾಡಿಕೊಟ್ಟರು. ಈ ನರ್ಸಮ್ಮ ಡ್ಯೂಟಿಯ ಬಟ್ಟೆಯಲ್ಲೇ ಬಂದು ಕೂರುವವರು, ಡ್ರೈವರ್ ಜೊತೆ ವಾದಕ್ಕೆ ನಿಂತರೆ ಅವನ ಬೆವರಿಳಿಸುವವರು.

“ಹೋದ ಪಂದ್ಯದಲ್ಲಿ ಏಳನೇ ನಂಬರನ್ನ ಹಿಂದೆ ಎಳೆದಿದ್ದೇ ತಪ್ಪು,” ಎಂದರು ನರ್ಸಮ್ಮ. “ಮುಂದೆ ಬಿಟ್ಟಿದ್ರೆ ಪೆನಾಲ್ಟಿವರೆಗೂ ಹೋಗ್ತಾನೇ ಇರ್ಲಿಲ್ಲ.”

“ಹಿಂದೆ ಯಾರು ಕಾಯ್ತಾರೆ? ನಿಮ್ಮ ಗೋಲ್‌ಕೀಪರ್ರಾ? ಅವಳಿಗೆ ನಿಂತಲ್ಲಿ ನಿಲ್ಲೋಕೇ ಆಗಲ್ಲ.”

ಡ್ರೈವರ್ ಬಾಯಿಯಿಂದ ಮಾತು ಬಿದ್ದಿತೋ ಇಲ್ಲವೋ, ಮೊದಲಾರ್ಧದಲ್ಲೇ ಗೋಲ್‌ಕೀಪರ್ ಗೆರೆ ಬಿಟ್ಟು ಓಡಿಬಂದಳು, ಎದುರಾಳಿ ಚೆಂಡನ್ನು ಅವಳ ತಲೆಯ ಮೇಲಿಂದ ತೇಲಿಸಿ ಬಲೆಗೆ ಹಾಕಿದಳು. ಸಲೂನಿನಲ್ಲಿ ಸೂತಕದ ಕಳೆ. ಕೋಚ್ ಗೋಲ್‌ಕೀಪರ್ ಹುಡುಗಿಯ ಇಡೀ ವಂಶವನ್ನು ಜಾಲಾಡಿದರು. ಹಾಗೇ ವಿರಾಮ ಬಂತು.

ವಿರಾಮದಲ್ಲಿ ಏಳನೇ ನಂಬರಿನ ಹುಡುಗಿಯ ಮೊದಲೇ ಚಿತ್ರೀಕರಿಸಿದ ಸಂದರ್ಶನ ಹಾಕಿದರು. ಯಜಮಾನ ಟೀವಿಯ ಸದ್ದು ಜಾಸ್ತಿ ಮಾಡಿದ.

“ನಾನು ಚಿಕ್ಕವಳಿದ್ದಾಗ ಹುಡುಗೀರಿಗೆ ಮೈದಾನ ಬಿಡ್ತಿರ್ಲಿಲ್ಲ,” ಎಂದಳು ಹುಡುಗಿ. “ಎಲ್ಲರೂ ಹೋದ್ಮೇಲೆ ಸಂಜೆ ನಾವು ಹೋಗ್ತಿದ್ವಿ. ನಲ್ಲಿ ಪಕ್ಕ ಒಂದು ಸಣ್ಣ ಗೇಟಿತ್ತು. ಅದಕ್ಕೆ ಬೀಗ ಹಾಕಿರ್ತಿರ್ಲಿಲ್ಲ. ಒಳಗಡೆ ಒಂದು ಹೂಜಿ ನೀರೂ ಇಟ್ಟಿರ್ತಿದ್ರು. ಮೈದಾನ ನೋಡ್ಕೊಳ್ಳೋ ಮಾಮ ಎದುರಿಗೆ ಸಿಕ್ಕಿದ್ರೆ ಬೈತಿದ್ರು, ಆದ್ರೆ ಗೇಟು ಮಾತ್ರ ತೆಗೆದೇ ಇಟ್ಟಿರ್ತಿದ್ರು. ಅವರಿಗೆ ಥ್ಯಾಂಕ್ಸ್ ಹೇಳೋಕೆ ಆಗಿಲ್ಲ ನಂಗೆ.”

ಸಲೂನಿನಲ್ಲಿ ಚಪ್ಪಾಳೆ, ಶಿಳ್ಳೆ. ಇಷ್ಟು ದಿನ ಕೆಣಕುತ್ತಿದ್ದ ಡ್ರೈವರ್ ಬಂದು ಅವರ ಎರಡೂ ಕೈ ಹಿಡಿದುಕೊಂಡ. “ತಪ್ಪಾಯ್ತು ಸಾರ್. ನೀವು ಬೂಸಿ ಬಿಡ್ತಿದ್ದೀರಾ ಅಂದ್ಕೊಂಡಿದ್ದೆ.”

ಕೋಚ್ ನಗಲು ಬಾಯಿ ತೆರೆದರು. ನಗು ಬರಲಿಲ್ಲ. ಆ ಗೇಟನ್ನು ಅವರು ಒಂದು ದಿನವೂ ತೆರೆದಿಟ್ಟವರಲ್ಲ. ಮನೆ ಮೈದಾನದ ಪಕ್ಕದಲ್ಲೇ ಇದ್ದರೂ ನಲ್ಲಿಯ ಮೂಲೆಯವರೆಗೆ ನಡೆಯಲು ಬೇಸರವಾಗಿ ಆ ಬೀಗವನ್ನು ಹೆಂಡತಿಯ ತಲೆಗೆ ಕಟ್ಟಿದ್ದರು. ಒಂದು ಸಂಜೆ ನೀರಿನ ಪೈಪು ತರಲು ತಾವೇ ಹೋದಾಗ ಗೇಟು ತೆರೆದಿತ್ತು, ಒಳಗೆ ಹುಡುಗಿಯರು ಆಡುತ್ತಿದ್ದರು. ಅವರನ್ನು ಅಟ್ಟಿಸಿಕೊಂಡು ಹೋಗಿ, ಸಿಕ್ಕ ಚೆಂಡನ್ನು ಹುಲ್ಲು ಕೊಯ್ಯುವ ಕುಡುಗೋಲಿನಿಂದ ಸೀಳಿ ಬೇಲಿಯಾಚೆ ಎಸೆದಿದ್ದರು. ಮನೆಗೆ ಬಂದು ಅಕ್ಕಪಕ್ಕದವರೆಲ್ಲ ಬಾಗಿಲಿಗೆ ಬಂದು ನೋಡುವಂತೆ ಹೆಂಡತಿಯನ್ನು ಬೈದಿದ್ದರು. ಮರೆತೆ, ಎಂದಿದ್ದರು ಆಕೆ. ಹೂಜಿ ಎಲ್ಲಿ ಎಂದು ಕೇಳಿದಾಗಲೂ, ನಲ್ಲಿ ಹತ್ತಿರ ಮರೆತು ಬಂದೆ, ಎಂದಿದ್ದರು. ಆಮೇಲೆಯೂ ಎಷ್ಟೋ ಸಲ ಮರೆತಿದ್ದರು.

ಅವರು ಬೆಂಚಿನ ತುದಿಗೆ ನೋಡಿದರು. ಆಕೆ ಕೈಚೀಲದ ಹಿಡಿಯನ್ನು ಬೆರಳಿಗೆ ಸುತ್ತುತ್ತ ಟೀವಿಯನ್ನೇ ನೋಡುತ್ತಿದ್ದರು. ಕಣ್ಣು ತುಂಬಿದ್ದವು. ಕೋಚ್‌ಗೆ ಅಷ್ಟು ಜನರ ನಡುವೆ ಬಟ್ಟೆ ಬಿಚ್ಚಿ ನಿಲ್ಲಿಸಿದಷ್ಟು ನಾಚಿಕೆಯಾಯಿತು.

“ಗೇಟು ತೆಗೆದಿಟ್ಟಿದ್ದು ನಾನಲ್ಲ,” ಎಂದರು. “ಇವಳು.”

ಎಲ್ಲರೂ ಆಕೆಯತ್ತ ತಿರುಗಿದರು. ಯಜಮಾನನೇ ಮೊದಲು ನಕ್ಕದ್ದು. “ಗೊತ್ತಲ್ಲ ಕೋಚ್! ಕೀಲಿ ಹಿಡ್ಕೊಂಡು ಗಾಳಿ ತಿಂದು ವಾಪಸ್! ಅಮ್ಮ ಮರೆತಿದ್ದಕ್ಕೆ ದೇಶಕ್ಕೊಬ್ಬಳು ಆಟಗಾರ್ತಿ ಸಿಕ್ಕಿದ್ಲು ಅನ್ನಿ!”

ನಗು ಗೋಡೆಗೆ ಬಡಿದು ವಾಪಸಾಯಿತು. ಡ್ರೈವರ್ ಬೀಗ ನೇತಾಡುವುದನ್ನು ಕೈಯಲ್ಲಿ ಮಾಡಿ ತೋರಿಸಿದ, ಥೇಟ್ ಕೋಚ್ ಮಾಡುತ್ತಿದ್ದ ಹಾಗೆಯೇ. ಆಕೆಯೂ ಎಂದಿನಂತೆ ನಕ್ಕರು. “ಹೌದಪ್ಪ, ಮರೆತಿದ್ದೆ,” ಎಂದರು.

“ಮರೆತಿಲ್ಲ ಅವಳು!” ಕೋಚ್ ಕಿರುಚಿದರು. “ಬೇಕಂತಲೇ ಬಿಟ್ಟಿದ್ದು. ಓಡಿಸ್ತಿದ್ದೋನು ನಾನು. ಆ ಮಕ್ಕಳ ಚೆಂಡು ಕುಡುಗೋಲಲ್ಲಿ ಸೀಳಿದ್ದೀನಿ ಕಣ್ರಯ್ಯಾ. ನಾನು ಯಾರಿಗೂ ಏನೂ ಕಲಿಸಿಲ್ಲ.”

ಈಗ ಯಾರೂ ನಗಲಿಲ್ಲ. ಡ್ರೈವರ್ ಎತ್ತಿದ ಕೈ ಇಳಿಸಿದ. ನರ್ಸಮ್ಮ ಮೆಲ್ಲಗೆ ಆಕೆಯ ಕಡೆ ತಿರುಗಿ, “ಹೌದೇನಮ್ಮ?” ಎಂದು ಕೇಳಿದರು. ಆಕೆ ಕೈಚೀಲದ ಹಿಡಿಯನ್ನು ಬಿಡಿಸಿ ಮತ್ತೆ ಬೆರಳಿಗೆ ಸುತ್ತಿಕೊಂಡರು. ಅಷ್ಟರಲ್ಲಿ ದ್ವಿತೀಯಾರ್ಧದ ಸೀಟಿ ಕೇಳಿತು, ಎಲ್ಲರೂ ಬದುಕಿದೆಯಾ ಬಡಜೀವವೇ ಎಂಬಂತೆ ಟೀವಿಗೆ ತಿರುಗಿದರು. ಕೋಚ್‌ಗೆ ಮುಖ ತೋರಿಸಲಾಗಲಿಲ್ಲ. ಎದ್ದು ಹೋಗಿ ಹೊರಗಿನ ಮೆಟ್ಟಿಲ ಮೇಲೆ ಕುಳಿತರು.

ಒಳಗೆ ಎರಡು ಸಲ ಕೂಗು ಎದ್ದಿತು. ಎರಡನೆಯದು ಎಷ್ಟು ಜೋರಾಗಿತ್ತೆಂದರೆ ಬೀದಿಯಲ್ಲಿ ಹೋಗುತ್ತಿದ್ದವರು ನಿಂತು ನೋಡಿದರು. ಅವರಿಗೆ ಒಳಗೆ ಇಣುಕುವ ಧೈರ್ಯ ಬರಲಿಲ್ಲ. ಆ ಪಂದ್ಯಾವಳಿಯಲ್ಲಿ ಕೋಚ್ ತಪ್ಪಿಸಿಕೊಂಡ ಗೋಲುಗಳು ಅವೆರಡೇ.

ಪಂದ್ಯ ಮುಗಿದ ಮೇಲೆ ಆಕೆ ಹೊರಗೆ ಬಂದರು. “ಗೆದ್ವಿ. ಎರಡೂ ಅವಳೇ ಹೊಡೆದಿದ್ದು,” ಎಂದರು. ಇಬ್ಬರೂ ಮನೆಯ ಕಡೆ ನಡೆದರು. ಯಾವಾಗಲೂ ಹತ್ತು ಹೆಜ್ಜೆ ಮುಂದಿರುತ್ತಿದ್ದ ಅವರು ಅಂದು ಆಕೆಯ ಪಕ್ಕದಲ್ಲೇ ಬಂದರು. ಬೇಕರಿ ದಾಟಿದರು, ಔಷಧಿ ಅಂಗಡಿ ದಾಟಿದರು.

ಕೊನೆಗೆ, “ನನ್ನ ಹತ್ರ ಒಂದು ಮಾತು ಹೇಳ್ಬಾರ್ದಿತ್ತಾ?” ಎಂದರು. “ಊರೆಲ್ಲ ನಿನ್ನ ಆಡ್ಕೊಂಡು ನಗೋ ಹಾಗೆ ಮಾಡಿದೆ ನಾನು. ಒಂದು ಮಾತು ಹೇಳಿದ್ರೆ ಆಗ್ತಿರ್ಲಿಲ್ವಾ?”

ಆಕೆ ನಡಿಗೆ ನಿಲ್ಲಿಸಲಿಲ್ಲ. ದನಿಯಲ್ಲಿ ಸಿಟ್ಟೂ ಇರಲಿಲ್ಲ, ಅದೇ ಅವರಿಗೆ ಹೆಚ್ಚು ತಾಗಿತು.

“ಮರೆತೆ ಅಂದ್ರೆ ನೀವು ಬೈತಿದ್ರಿ, ಅಷ್ಟೇ. ಬೇಕಂತ ಬಿಟ್ಟೆ ಅಂದಿದ್ರೆ ನೀವೇ ಹೋಗಿ ಬೀಗ ಹಾಕ್ತಿದ್ರಿ.”

ಇಲ್ಲ ಎನ್ನಲು ಅವರು ಬಾಯಿ ತೆರೆದರು. ಆದರೆ ಹಾಕುತ್ತಿದ್ದರು, ಅದು ಇಬ್ಬರಿಗೂ ಗೊತ್ತಿತ್ತು.