ಕೊಪ್ಪದಲ್ಲಿ ನೂಕಿದ ಮೋಟ್ರುಸೈಕಲ್ಲು

ಕೊಪ್ಪದಲ್ಲಿ ನೀರು ಕುಡಿಯಾನ ಅಂತ ಮೋಟ್ರುಸೈಕಲ್ಲು ನಿಲ್ಸಿದ್ನೋ ಇಲ್ವೋ, ಕಣ್ಣು ಕಾಣ್ದ ಒಂದು ಮುದ್ಕಿ ತಡವ್ಕೊಂಡು ಬಂದು ನನ್ ಕೈ ಇಡ್ಕಂಡ್ಲು.

"ಬಂದ್ಯೇನ್ಲಾ ಮಗ?"

ಊರೋರ್ನೆಲ್ಲ ಏಮಾರ್ಸೋನು ನಾನು, ಸುಮ್ಕಿರ್ತೀನಾ? "ಊಂ ಕಣವ್ವ, ಬಂದೆ" ಅಂದೆ.

ಸುಡೋ ಮಟಮಟ ಮದ್ಯಾನ. ನನ್ ಮೈಯೆಲ್ಲ ಬರೀ ಧೂಳು. ಆಕೆ ನನ್ ಅಂಗಿ ಸವರಿ, "ಬಟ್ಟೆ ಇನ್ನೂ ಒದ್ದೆ ಅವಲ್ಲ ಕಣ್ಲಾ" ಅಂತ ಸೆರಗಲ್ಲಿ ನನ್ ತಲೆ ಒರ್ಸಕ್ಕೆ ಸುರು ಮಾಡುದ್ಲು.

ಪಕ್ಕದ ಮನೆಯೋನು ನನ್ ಕಿವೀಲಿ, "ಇವಳ ಮಗ ಮುತ್ತತ್ತೀಲಿ ಒಳೆ ಪಾಲಾಗಿ ವರ್ಸ ಆಯ್ತು. ಅವನ್ ಗಾಡೀದೂ ಇದೇ ಸದ್ದು ಕಣಯ್ಯ" ಅಂದ.

ನಾನು ತಿರುಗಿ ನನ್ ಗಾಡಿ ಇಂಜಿನ್ನು ನೋಡ್ದೆ. ಯುದ್ಧದ ಕಾಲ, ಇಂಗ್ಲೆಂಡಿಂದ ಗಾಡಿ ಸಾಮಾನು ಬತ್ತಿರ್ಲಿಲ್ಲ. ನನ್ ಇಂಜಿನ್ನು ಕೆಟ್ಟೋಗಿತ್ತು. ಒಂದ್ವಾರ ಮುಂಚೆ ತಾನೆ ಮದ್ದೂರಿನ ಮೇಸ್ತ್ರಿ ಸಾಬ್ರು ಯಾರೋ ಸತ್ತೋನ ಗಾಡಿ ಇಂಜಿನ್ನು ತಂದು ಕೂರ್ಸಿದ್ರು.

ಆಮೇಲೆ ಆ ಇಂಜಿನ್ನಲ್ಲೇ ಲಕ್ಷ ಮೈಲಿ ಓಡ್ಸಿವ್ನಿ, ಮಂಡ್ಯ ಸೀಮೇಲಿ ಇನ್ಯಾವನೂ ಓಡ್ಸಿಲ್ಲ. ಕೊಪ್ಪ ಬಂದ್ರೆ ಮಾತ್ರ ಆಫ್ ಮಾಡಿ ನೂಕ್ಕೊಂಡೇ ಓಯ್ತಿದ್ದೆ. "ಏನ್ಲಾ, ನಿನ್ ಕುದ್ರೆ ಕುಂಟ್ತಾ?" ಅಂತ ಜನ ನಗೋರು. ನಕ್ಕೊಳ್ಳಿ ಬುಡು. ಆ ಸದ್ದು ಕೇಳಿ ಮುದ್ಕಿ ಮತ್ತೆ ಎದ್ದು ಬರ್ಬಾರ್ದು.