ಮಿಷಿನ್ ದೊಡ್ಡ ಮಾಡಿದ ದಿನ

ನಮ್ಮ ಕೇರಿಯಲ್ಲಿ ಯಾರ ಮನೆಗೆ ಕಂಪ್ಯೂಟರ್ ಬಂದರೂ ನನ್ನ ಹತ್ತಿರ ಒಂದು ಪ್ರಶ್ನೆ ಬಂದೇ ಬರುತ್ತದೆ. "ಅಕ್ಕಾ, ಕರೆಂಟ್ ಉಳ್ಸು ಡಬ್ಬಿ ಅಂತೇಳಿ ಫೋನಂಗೆ ತೋರ್ಸ್ತ್ರಲೆ, ಅದ್ ತಕಂಬುದಾ ಬ್ಯಾಡ್ದಾ?" ಗಂಗೊಳ್ಳಿಯಲ್ಲಿ ಆ ಡಬ್ಬಿಗಳ ವಿಷಯಕ್ಕೆ ನನಗಿಂತ ದೊಡ್ಡ ಪಂಡಿತೆ ಇಲ್ಲ. ಮೂರು ಥರದ್ದು ಕೊಂಡಿದ್ದೇನೆ. ನಾಲ್ಕನೆಯದನ್ನು ಕೊಳ್ಳಲು ಹೋದ ದಿನ ಏನಾಯಿತು ಎಂದು ಮಾತ್ರ ಯಾರಿಗೂ ಹೇಳಿಲ್ಲ. "ಬ್ಯಾಡ" ಅಂದು ಒಳಗೆ ನಡೆಯುತ್ತೇನೆ. ಕೇಳಿದವರು ನನಗೆ ಜಂಬ ಅಂದುಕೊಳ್ಳುತ್ತಾರೆ. ಅಂದುಕೊಳ್ಳಲಿ.

ನಮ್ಮದು ಎರಡು ಯಂತ್ರಗಳ ಮನೆ. ಒಂದು ನನ್ನ ಕಂಪ್ಯೂಟರ್. ಕುಂದಾಪುರದ ಒಂದು ಪ್ರೆಸ್ಸಿಗೆ ಮದುವೆ ಕಾಗದ, ದೇವಸ್ಥಾನದ ಆಮಂತ್ರಣ, ಶಾಲೆಗಳ ಸ್ಮರಣ ಸಂಚಿಕೆ ಎಲ್ಲ ಅದರಲ್ಲಿ ಟೈಪು ಮಾಡಿ ಪುಟ ಕಟ್ಟಿ ಕೊಡುತ್ತೇನೆ. ಇನ್ನೊಂದು ನನ್ನ ಅತ್ತೆಯದು. ಗಾಳಿಯಿಂದ ಆಮ್ಲಜನಕ ಸೋಸಿ ಮೂಗಿನ ನಳಿಗೆಗೆ ಕಳಿಸುವ ಯಂತ್ರ. ಮನೆಯಲ್ಲಿ ಅದಕ್ಕೆ ‘ಉಸ್ರಿನ ಮಿಷಿನ್’ ಅಂತಲೇ ಹೆಸರು. ಅತ್ತೆ ಪ್ರಾಯದಲ್ಲಿ ಮೀನು ಬುಟ್ಟಿ ಹೊತ್ತು ಊರೂರು ತಿರುಗಿ, ಮನೆಗೆ ಬಂದು ಒದ್ದೆ ಸೌದೆಯ ಒಲೆ ಊದಿದವರು. ಊದಿ ಊದಿ ಅವರ ಎದೆಯಲ್ಲಿ ಊದಲು ಏನೂ ಉಳಿದಿರಲಿಲ್ಲ. ಹಗಲಿನ ಬಹುಪಾಲು ಮತ್ತು ರಾತ್ರಿಯಿಡೀ ಆ ಮಿಷಿನ್ ಓಡಲೇಬೇಕು. ಅದರ ಬಾಡಿಗೆ ಹುಟ್ಟಬೇಕಾದದ್ದು ನನ್ನ ಕಂಪ್ಯೂಟರಿನಿಂದ. ಗಂಡ ಮೀನಿನ ಬೋಟಿನಲ್ಲಿ; ಮಳೆಗಾಲದ ರಜೆ ಮುಗಿದು ಆಗಸ್ಟಿನಲ್ಲಿ ಬೋಟು ಕಡಲಿಗೆ ಇಳಿದರೆ ವಾರ ಹತ್ತು ದಿನ ಕಡಲಲ್ಲೇ.

ಕರೆಂಟು ಇರುವವರೆಗೆ ಎರಡು ಯಂತ್ರಗಳಿಗೂ ಜಗಳವಿಲ್ಲ. ಆದರೆ ನಮ್ಮಲ್ಲಿ ಮಳೆಗಾಲದ ಕರೆಂಟನ್ನು ನಂಬುವುದೂ ಒಂದೇ, ಕಡಲ ಗಾಳಿಯನ್ನು ನಂಬುವುದೂ ಒಂದೇ. ಎಲ್ಲೋ ಒಂದು ತೆಂಗಿನ ಮಡಲು ತಂತಿಯ ಮೇಲೆ ಬಿದ್ದರೆ ಮುಗಿಯಿತು. ಆಮೇಲೆ ಹಳೆಯ ಇನ್ವರ್ಟರಿನ ಒಂದೇ ಬ್ಯಾಟರಿ ಗತಿ. ಎರಡೂ ಯಂತ್ರ ಓಡಿದರೆ ಮುಕ್ಕಾಲು ಗಂಟೆ, ಅತ್ತೆಯದೊಂದೇ ಆದರೆ ಒಂದೂವರೆ ಗಂಟೆ. ಡಾಕ್ಟರು ಹೇಳಿದರೆಂದು ಆಮ್ಲಜನಕದ ಸಿಲಿಂಡರ್ ಒಂದನ್ನು ತಂದಿಟ್ಟಿದ್ದೆವು. ಅತ್ತೆ ಅದನ್ನು ಕಂಡರೆ ನಡುಗುತ್ತಿದ್ದರು. "ಒಡೆದ್ರೆ ಮನಿಯೇ ಹಾರಿ ಹೋತ್ತಲೆ!" ಎಂದು ಎರಡು ದಿನ ಜಗಲಿಯಲ್ಲೇ ಕೂತರು. ವಾಪಸು ಕಳಿಸಿದೆವು.

ಹಾಗಾಗಿ ನಾನು ಡಬ್ಬಿಗಳ ಹಿಂದೆ ಬಿದ್ದೆ. ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ. ಕಂಪ್ಯೂಟರ್ ತಿನ್ನುವ ಕರೆಂಟು ಕಡಿಮೆಯಾದಷ್ಟೂ ಅತ್ತೆಗೆ ಉಸಿರು ಹೆಚ್ಚು; ನನ್ನ ಲೆಕ್ಕ ಇಷ್ಟೇ. ಮೊದಲು ಬಂದದ್ದು ಹಸಿರು ದೀಪದ ಒಂದು ಪುಟ್ಟ ಪೆಟ್ಟಿಗೆ. ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿದರೆ ಸಾಕು, ಇಡೀ ಮನೆಯ ಕರೆಂಟು ಉಳಿಯುತ್ತದೆ ಅಂತ ಜಾಹೀರಾತು. ಇನ್ವರ್ಟರ್ ರಿಪೇರಿಗೆ ಬಂದ ಕೋಟದ ಎಲೆಕ್ಟ್ರಿಷಿಯನ್ ಅದನ್ನು ಕಿತ್ತು, ಸ್ಕ್ರೂ ಬಿಚ್ಚಿ ನನ್ನ ಅಂಗೈ ಮೇಲೆ ಇಟ್ಟ.

"ಹ್ವಾಯ್ ಅಕ್ಕಾ, ಇದ್ರೊಳ್ಗೆ ಎಂತ ಇತ್ತ್ ಕಾಣಿ. ಒಂದ್ ಸಣ್ಣ ಬಲ್ಬ್, ಒಂದ್ ಕಂಡೆನ್ಸರ್. ಇದ್ ಉಳ್ಸುದಲ್ಲ, ತಿಂಬುದ್."

ಎರಡನೆಯದು ಜಾಣ ಎಕ್ಸ್‌ಟೆನ್ಶನ್ ಬೋರ್ಡು. ಕಂಪ್ಯೂಟರ್ ನಿದ್ದೆಗೆ ಹೋದರೆ ಪ್ರಿಂಟರು, ಸ್ಪೀಕರು ಎಲ್ಲದರ ಕರೆಂಟನ್ನೂ ತಾನೇ ಕಡಿಯುತ್ತದೆ. ಅದು ಸುಳ್ಳಲ್ಲ. ಗಡಿಯಾರ ಮುಂದಿಟ್ಟುಕೊಂಡು ಪರೀಕ್ಷೆ ಮಾಡಿದೆ. ಬ್ಯಾಟರಿ ಆರು ನಿಮಿಷ ಹೆಚ್ಚು ಬಂತು. ಮೂರನೆಯದು ಡಬ್ಬಿಯಂಥ ಹಳೆಯ ಮಾನಿಟರಿನ ಬದಲಿಗೆ ಸೆಕೆಂಡ್ ಹ್ಯಾಂಡ್ ತೆಳು ಮಾನಿಟರ್. ಅದು ಹನ್ನೊಂದು ನಿಮಿಷ ಕೊಟ್ಟಿತು. ಆಮೇಲೆ ಅದೇ ಎಲೆಕ್ಟ್ರಿಷಿಯನ್ ಕಂಪ್ಯೂಟರಿನ ಸೆಟ್ಟಿಂಗಿನಲ್ಲೇ ಪರದೆಯ ಬೆಳಕು ಇಳಿಸಿ, ಬೇಗ ನಿದ್ದೆಗೆ ಹೋಗುವಂತೆ ಮಾಡಿ, ಯಾವ ಡಬ್ಬಿಯೂ ಇಲ್ಲದೆ ಇನ್ನಷ್ಟು ನಿಮಿಷ ಉಳಿಸಿಕೊಟ್ಟ. ಕೈಯಲ್ಲಿ ಬೆಣ್ಣೆ ಇಟ್ಟುಕೊಂಡು ಊರೆಲ್ಲ ತುಪ್ಪಕ್ಕೆ ಅಲೆದಿದ್ದೆ. ಆದರೂ ನನಗೆ ಸಾಕಾಗಲಿಲ್ಲ. ಆರು ನಿಮಿಷ, ಹನ್ನೊಂದು ನಿಮಿಷ ಅಂದರೆ ನಿಮಗೆ ನಗು ಬರಬಹುದು. ಮುಂದೆ ಕೂತು ಒಬ್ಬರು ಉಸಿರಿಗೆ ಬಾಯಿ ತೆರೆಯುವುದನ್ನು ಕಂಡವರಿಗೆ ನಗು ಬರುವುದಿಲ್ಲ.

ನಾನು ಆ ದಿನಗಳಲ್ಲಿ ಮನೆಯಲ್ಲಿ ಒಂದು ಪೀಡೆಯೇ ಆಗಿದ್ದೆ. ಸ್ವಿಚ್ಚು ಸ್ವಿಚ್ಚಿಗೂ ಕಾವಲು. ಅತ್ತೆಗೆ ದಿನಾ ಪಾಠ: "ಕರೆಂಟ್ ಹೋದ ಕೂಡ್ಲೆ ಬ್ಯಾಡ್ದಿದ್ದದ್ದನ್ನ ಮೊದ್ಲ್ ಬಂದ್ ಮಾಡ್ಕ್ ಅತ್ತೆ. ಫ್ಯಾನ್ ಬಂದ್, ಲೈಟ್ ಬಂದ್." ಅತ್ತೆ ಶಾಲೆಯ ಮಗುವಿನ ಹಾಗೆ ತಲೆ ಆಡಿಸುವರು. ಫ್ಯಾನಿಗೆ ಬಂದ್, ಲೈಟಿಗೆ ಬಂದ್ ಎಂದು ಅವರೂ ಹೇಳುತ್ತಿದ್ದರು. ದೇವರ ಕೋಣೆಯ ದೀಪಕ್ಕೆ ಮಾತ್ರ ಬೇರೆ ಮಾತು. ದೀಪ ಆರಿತು ಎನ್ನಬಾರದು, ಅದು ಕೇಡಿನ ಮಾತು. ‘ದೀಪ ದೊಡ್ಡ ಆಯ್ತ್’ ಎನ್ನಬೇಕು. ಬ್ರಹ್ಮಾವರದ ನನ್ನ ತವರಲ್ಲಿ ನಾವು ‘ಶಾಂತ ಮಾಡು’ ಅನ್ನುತ್ತಿದ್ದೆವು. ಅತ್ತೆ ನನ್ನನ್ನು ಕರೆಯುವುದೇ ‘ಹೆಣೆ’, ಅಂದರೆ ಹುಡುಗಿ, ಎಂದು. ಮದುವೆಯಾದ ಹೊಸತರಲ್ಲಿ ಅವರು "ದೀಪ ದೊಡ್ಡ್ ಮಾಡ್ ಹೆಣೆ" ಅಂದಾಗ ನಾನು ಇನ್ನಷ್ಟು ಎಣ್ಣೆ ಹೊಯ್ದು ಬತ್ತಿ ಎಳೆದಿದ್ದೆ. ಆವತ್ತು ಇಡೀ ಮನೆ ನಕ್ಕಿತ್ತು.

ಆ ಆಗಸ್ಟಿನಲ್ಲಿ ಬೈಂದೂರಿನ ಹತ್ತಿರದ ಯಡ್ತರೆಯ ಒಂದು ಶಾಲೆಯ ಸ್ಮರಣ ಸಂಚಿಕೆ ನನ್ನ ಕೈಯಲ್ಲಿತ್ತು. ಮೂರು ತಿಂಗಳ ಕೆಲಸ. ನಾಲ್ಕನೆಯ ಡಬ್ಬಿಗೆ ಹೋದ ದಿನವೇ ಅದನ್ನು ಪ್ರೆಸ್ಸಿಗೆ ಕಳಿಸಲು ಕಡೆಯ ದಿನ. ಫೋಟೊಗಳಿಂದ ಫೈಲು ಬಸುರಿ ಎಮ್ಮೆಯಷ್ಟು ಭಾರವಾಗಿತ್ತು. ನೆಟ್ಟಿನಲ್ಲಿ ಹೋಗಿ ಮುಟ್ಟಲು ಎರಡು ಗಂಟೆ ಬೇಕೆಂದು ತೋರಿಸುತ್ತಿತ್ತು. ಕರೆಂಟು ಇತ್ತು, ಮಳೆ ಬಿಟ್ಟಿತ್ತು. ಫೈಲು ಹೋಗುತ್ತಿರಲಿ, ಅಷ್ಟರಲ್ಲಿ ಕುಂದಾಪುರಕ್ಕೆ ಹೋಗಿ ಬರೋಣ ಅಂದುಕೊಂಡೆ. ಅಲ್ಲಿಯ ಅಂಗಡಿಗೆ ಒಂದು ಹೊಸ ಪ್ಲಗ್ ಬಂದಿದೆಯಂತೆ. ಎಲ್ಲೇ ಇದ್ದರೂ ಫೋನಿನಲ್ಲೇ ಕಂಪ್ಯೂಟರ್ ಆಫ್ ಮಾಡಬಹುದಂತೆ.

"ಕಂಪ್ಯೂಟರ್ ಮುಟ್ಬ್ಯಾಡಿ ಅತ್ತೆ. ಮೂರ್ ತಿಂಗ್ಳಿನ ಕೆಲ್ಸ ಅದ್ರಂಗೆ ಹೋತಾ ಇತ್ತ್. ಅದ್ ನಿಂತ್ರೆ ನಂಗೆ ಮುಂದೆ ಕೆಲ್ಸವೇ ಸಿಕ್ಕುದಿಲ್ಲೆ."

"ಆಯ್ತ್ ಹೆಣೆ. ನೀ ಹೋಯ್ ಬಾ" ಅಂದರು.

ನಮ್ಮ ಊರಿನಿಂದ ಕುಂದಾಪುರ ಹೊಳೆಯಾಚೆ ಎದುರಿಗೇ ಕಾಣುತ್ತದೆ. ಬಸ್ಸು ಮಾತ್ರ ತ್ರಾಸಿ, ಹೆಮ್ಮಾಡಿ ಎಂದು ಲೋಕ ಸುತ್ತಿ ಹೋಗುತ್ತದೆ. ಅಂಗಡಿ ಮುಟ್ಟಿ ಪ್ಲಗ್ಗನ್ನು ಕೈಗೆ ತೆಗೆದುಕೊಂಡಿದ್ದೆನಷ್ಟೆ, ಪಕ್ಕದ ಮನೆಯವಳ ಮೆಸೇಜು ಬಂತು: ಕರೆಂಟ್ ಹೋಗಿ ಹತ್ತು ನಿಮಿಷ ಆಯಿತು. ಕೂಡಲೇ ಅತ್ತೆಗೆ ಫೋನು ಮಾಡಿದೆ.

"ಹೌದ್ ಹೆಣೆ, ಕರೆಂಟ್ ಹೋಯ್ತ್. ನಾನ್ ಮಿಷಿನ್ ದೊಡ್ಡ್ ಮಾಡ್ದೆ. ನೀ ಹೆದ್ರಬ್ಯಾಡ."

ನನ್ನ ತಲೆ ಕೆಟ್ಟಿತು. ಆ ಮಿಷಿನಿಗೆ ಒಂದು ತಿರುಗುಗುಂಡಿ ಉಂಟು. ತಿರುಗಿಸಿದರೆ ಗಾಳಿ ಹೆಚ್ಚು ಬರುತ್ತದೆ. ಬ್ಯಾಟರಿಯಲ್ಲಿ ಓಡುವಾಗಲೇ ಅದನ್ನು ಹೆಚ್ಚು ಮಾಡಿ ಕೂತಿದ್ದಾರಲ್ಲ ಅಂತ ಸಿಟ್ಟು ಬಂತು.

"ದೊಡ್ಡ್ ಎಂತಕ್ ಮಾಡಿದ್ರಿ? ಬ್ಯಾಟ್ರಿ ಎಂತ ಆಯ್ಕ್? ಸಣ್ಣ ಮಾಡಿ ಅತ್ತೆ, ಸಣ್ಣ ಮಾಡಿ!"

ಆ ಕಡೆಯಿಂದ ಒಂದು ಸಣ್ಣ ನಗು, ಅದರ ಹಿಂದೆ ಕೆಮ್ಮು. "ದೊಡ್ಡ್ ಆದ್ದನ್ನ ಸಣ್ಣ ಮಾಡುದ್ ಹ್ಯಾಂಗೆ ಹೆಣೆ? ಇರ್ಲಿ. ನಿನ್ನ ಕಂಪ್ಯೂಟರ್ ಲಾಯ್ಕಂಗೆ ಓಡ್ತಾ ಇತ್ತ್." ಫೋನು ಇಟ್ಟರು.

ಹಟ, ಮುದುಕಿಗೆ ಹಟ, ಅಂದುಕೊಂಡೆ. ದೇವರಾಣೆ, ಅದನ್ನೇ ಅಂದುಕೊಂಡೆ. ಗಾಳಿ ಹೆಚ್ಚು ಬರುತ್ತಿದೆಯಲ್ಲ, ಉಸಿರಿಗೆ ತೊಂದರೆ ಇಲ್ಲ ಎಂದು ಒಳಗೊಳಗೆ ಸಮಾಧಾನವೂ ಆಯಿತು. ಅಂಗಡಿಯವನ ಜೊತೆ ಚೌಕಾಸಿಗೆ ನಿಂತೆ. ಕರೆಂಟ್ ಹೋದರೆ ಇದು ಕೆಲಸ ಮಾಡುತ್ತದೆಯೇ? ಬ್ಯಾಟರಿಯಲ್ಲಿ? ವೈಫೈ ಇಲ್ಲದಿದ್ದರೆ? ಇದೇ ಎಷ್ಟು ಕರೆಂಟು ತಿನ್ನುತ್ತದೆ? ಕಾಲು ಗಂಟೆ ಕೇಳಿದೆ. ಇಪ್ಪತ್ತು ನಿಮಿಷವೂ ಇರಬಹುದು. ಆ ಇಪ್ಪತ್ತು ನಿಮಿಷವನ್ನು ನಾನು ಇವತ್ತಿನವರೆಗೆ ನುಂಗಲೂ ಆಗಿಲ್ಲ, ಉಗುಳಲೂ ಆಗಿಲ್ಲ.

ಅಂಗಡಿಯ ಗಲ್ಲಾಪೆಟ್ಟಿಗೆಯ ಮೇಲೆ ದೇವರ ಪಟಕ್ಕೆ ಒಂದು ಎಣ್ಣೆ ದೀಪ ಹಚ್ಚಿಟ್ಟಿದ್ದರು. ಹೊಸ ಟೇಬಲ್ ಫ್ಯಾನೊಂದನ್ನು ಯಾರಿಗೋ ತೋರಿಸಲೆಂದು ಅಂಗಡಿಯವ ಚಾಲೂ ಮಾಡಿದ. ಗಾಳಿಗೆ ದೀಪ ಹೋಯಿತು. "ಛೆ, ದೀಪ ದೊಡ್ಡ ಆಯ್ತಲೆ" ಅಂದು ಅವನು ಬೆಂಕಿಪೆಟ್ಟಿಗೆ ಹುಡುಕಿದ.

ನನ್ನ ಕೈಯಲ್ಲಿದ್ದ ಪ್ಲಗ್ ಕೆಳಗೆ ಬಿತ್ತು.

ಅತ್ತೆಗೆ ಫೋನು ಮಾಡಿದೆ. ರಿಂಗಾಯಿತು, ರಿಂಗಾಯಿತು, ನಿಂತಿತು. ಮತ್ತೆ ಮಾಡಿದೆ. ಎತ್ತಲಿಲ್ಲ. ಪಕ್ಕದ ಮನೆಯವಳಿಗೆ ಮಾಡಿ ಕಿರುಚಿದೆ: "ಓಡೆ ಮಾರಾಯ್ತಿ, ಅತ್ತೆ ಮಿಷಿನ್ ಬಂದ್ ಮಾಡಿ ಕೂತಿರ್!" ಅಂಗಡಿಯಲ್ಲಿದ್ದವರೆಲ್ಲ ನನ್ನನ್ನೇ ನೋಡಿದರು. ಬಸ್ಸಿಗೆ ಕಾಯುವ ಜೀವ ಇರಲಿಲ್ಲ. ಸಿಕ್ಕ ರಿಕ್ಷಾ ಹತ್ತಿದೆ. ಸೇತುವೆಯ ಮೇಲೆ ಹೋಗುವಾಗ ದೂರದಲ್ಲಿ ಗಂಗೊಳ್ಳಿಯ ಬಂದರು, ಬೋಟುಗಳು ಕಂಡವು. ಕಣ್ಣಿಗೆ ಕಾಣುವ ಊರಿಗೆ ಕಾಲು ಮುಟ್ಟುವುದಿಲ್ಲ ಅಂದರೆ ಏನೆಂದು ಆವತ್ತು ಗೊತ್ತಾಯಿತು. ನಾನೇ ಸಣ್ಣ ಮಾಡಿ ಎಂದು ಬೈದಿದ್ದೆನಲ್ಲ! ಹೊಳೆಯಾಚೆ ಒಬ್ಬರು ಉಸಿರಿಲ್ಲದೆ ಕೂತಿದ್ದಾರೆ, ನಾನು ಅವರನ್ನು ಬೈದಿದ್ದೆ. ಹೆಮ್ಮಾಡಿಯಲ್ಲಿ ಫೋನು ಬಂತು. ಪಕ್ಕದ ಮನೆಯವಳು ಅಳುತ್ತಿದ್ದಳು. "ಮಿಷಿನ್ ಹಾಕಿದೆ ಅಕ್ಕಾ. ಉಸ್ರ್ ಇತ್ತ್. ತುಟಿ ಕಪ್ಪಾಯಿತ್ತ್. ನೀವ್ ಬನ್ನಿ, ಬೇಗ ಬನ್ನಿ."

ಮನೆಗೆ ಬಂದಾಗ ಅತ್ತೆ ಗೋಡೆಗೆ ಒರಗಿ ಕೂತಿದ್ದರು. ಮೂಗಿನಲ್ಲಿ ನಳಿಗೆ, ತುಟಿಯಲ್ಲಿ ನೇರಳೆ ಹಣ್ಣು ತಿಂದ ಬಣ್ಣ, ಕತ್ತಿನ ನರಗಳು ಏರಿ ಇಳಿಯುತ್ತಿದ್ದವು. ಬ್ಯಾಟರಿ ಮುಗಿಯುತ್ತ ಬಂದು ಇನ್ವರ್ಟರ್ ಕೂಗುತ್ತಿತ್ತು. ಕಂಪ್ಯೂಟರಿನ ತಂತಿಯನ್ನು ಎಳೆದು ಕಿತ್ತೆ. ಕೀಳುವ ಮೊದಲು ಪರದೆ ಕಂಡಿತು. ಫೈಲು ಪೂರ್ತಿ ಹೋಗಿ ಮುಟ್ಟಿತ್ತು.

ಆಂಬುಲೆನ್ಸ್ ಬರುವವರೆಗೂ ನಾನು ಅವರ ಮುಂದೆ ಕೂತು ಬೈದೆ. ಅಳುವುದಕ್ಕೆ ಬರಲಿಲ್ಲ, ಬೈಗುಳವೇ ಬಂತು. "ಎಂತಕ್ ಬಂದ್ ಮಾಡಿದ್ರಿ? ಯಾರ್ ಹೇಳಿದ್ರ್ ನಿಮ್ಗೆ? ಸತ್ತ್ ಹೋಪುದಿತ್ತಲೆ!"

ಅತ್ತೆ ಒಂದೊಂದು ಮಾತಿಗೂ ಒಂದೊಂದು ಉಸಿರು ಎಳೆದರು. "ಬಂದ್ ಅಂತ ಹೇಳುಕ್ ಆಗ ಹೆಣೆ. ಉಸ್ರ್ ಕೊಡುದ್ ಅದ್. ದೊಡ್ಡ್ ಮಾಡಿದ್ದ್." ಮತ್ತೆ ನನ್ನನ್ನು ಸಮಾಧಾನ ಮಾಡುವ ಹಾಗೆ: "ನೀನೇ ಹೇಳಿದ್ದಲ್ದಾ, ಬ್ಯಾಡ್ದಿದ್ದದ್ದನ್ನ ಮೊದ್ಲ್ ಅಂತೇಳಿ."

ಆಸ್ಪತ್ರೆಯಲ್ಲಿ ಆರು ದಿನ ಇದ್ದು ಅತ್ತೆ ಮನೆಗೆ ಬಂದರು. ಸ್ಮರಣ ಸಂಚಿಕೆ ಅಚ್ಚಾಗಿ ಬಂತು, ಚೆನ್ನಾಗಿದೆ ಅಂದರು. ನಾನು ಅದನ್ನು ಬಿಡಿಸಿ ನೋಡಿಲ್ಲ. ಪ್ಲಗ್ಗು ಕುಂದಾಪುರದ ಅಂಗಡಿಯ ನೆಲದಲ್ಲೇ ಉಳಿಯಿತು. ಇನ್ವರ್ಟರಿನಿಂದ ಕಂಪ್ಯೂಟರನ್ನೇ ಬಿಡಿಸಿಬಿಟ್ಟೆ. ಬೇಡದ್ದು ಎಂಬ ಮಾತನ್ನು ನಾನು ಮನೆಯಲ್ಲಿ ಆಡುವುದಿಲ್ಲ. ಅವರಿಗೆ ನೂರು ಸಲ ಹೇಳಿದ್ದೇನೆ, ಕಂಪ್ಯೂಟರ್ ಈಗ ಬ್ಯಾಟರಿಗೆ ಸೇರಿಲ್ಲ, ನೀವು ಉಳಿಸುವಂಥದ್ದು ಏನೂ ಇಲ್ಲ ಅತ್ತೆ ಅಂತ. ತಲೆ ಆಡಿಸುತ್ತಾರೆ. ಆವತ್ತೂ ಹೀಗೇ ಆಡಿಸಿದ್ದರು. ನಾನು ನಂಬುವುದು ಹೇಗೆ? ಪ್ರೆಸ್ಸಿನವರು ಕರೆದರೆ ಹೋಗುವುದಿಲ್ಲ. ಗಂಗೊಳ್ಳಿಯ ಪೇಟೆಗೂ ಮೋಡ ನೋಡಿ ಹೊರಡುತ್ತೇನೆ.

ಮೊನ್ನೆ ಮಧ್ಯಾಹ್ನ ಮತ್ತೆ ಕರೆಂಟು ಹೋಯಿತು. ನನ್ನ ಪರದೆ ಕಪ್ಪಾಯಿತು, ಅರ್ಧ ಟೈಪಾಗಿದ್ದ ಮದುವೆ ಕಾಗದ ಅದರ ಜೊತೆ ಹೋಯಿತು. ನಾನು ಕುರ್ಚಿಯಿಂದ ಎದ್ದು ಒಳಗೆ ಓಡಿದೆ. ಅತ್ತೆಯ ಬಲಗೈ ಮಂಚದಿಂದ ಎದ್ದು ಮಿಷಿನಿನ ಸ್ವಿಚ್ಚಿನ ಕಡೆಗೆ ಅರ್ಧ ಹೋಗಿತ್ತು. ಆ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಪಕ್ಕದಲ್ಲಿ ಕೂತೆ.

"ಬಿಡೆ ಹೆಣೆ, ನೋವ್ ಆತ್ತ್" ಅಂದರು.

ಕರೆಂಟು ಬರುವವರೆಗೆ ನಾನು ಬಿಡಲಿಲ್ಲ.