ಗೇಟಿನೊಳಗೆ ಟೀಚರ್

ಯಜಮಾನರಿಗೆ ಮಹಾರಾಷ್ಟ್ರದ ಓಝರ್‌ನ ವಿಮಾನ ಕಾರ್ಖಾನೆಯಲ್ಲಿ ಕೆಲಸ. ಹತ್ತಿರದ ಒಂದು ಖಾಸಗಿ ಶಿಶುವಿಹಾರದಲ್ಲಿ ನಾನು ನಾಲ್ಕು ವರ್ಷ ಟೀಚರ್ ಆಗಿದ್ದೆ. ಕಲಿಸುವ ಮಾತೆಲ್ಲ ಹೊರಗಿನ ಬೋರ್ಡಿನ ಮೇಲಷ್ಟೇ ಇತ್ತು. ಮೂರು ವರ್ಷದ ಇಪ್ಪತ್ತಾರು ಮಕ್ಕಳು ಒಂದೇ ಕೋಣೆಯಲ್ಲಿದ್ದರೆ ಮಾಡುವ ಕೆಲಸವೇ ಬೇರೆ. ಮೂಗು ಒರೆಸಬೇಕು, ಲೇಸು ಕಟ್ಟಬೇಕು, ಒಬ್ಬರ ಡಬ್ಬಿಯ ಶಿರಾ ಇನ್ನೊಬ್ಬರ ಕಿವಿಗೆ ಹೋಗದಂತೆ ಕಾಯಬೇಕು. ಹತ್ತೂವರೆಗೆ ಸೂಸೂ ಸಾಲು. ಕೊನೆಯವನ ಸರದಿ ಬರುವಷ್ಟರಲ್ಲಿ ಮೊದಲನೆಯವನಿಗೆ ಮತ್ತೆ ಬಂದಿರುತ್ತಿತ್ತು. ಆ ನಾಲ್ಕು ವರ್ಷ ನಾನು ಬಿಸಿ ಚಹಾ ಕುಡಿದ ನೆನಪಿಲ್ಲ.

ಎರಡನೇ ವರ್ಷ ನನ್ನ ಮಗಳೂ ಅದೇ ಕ್ಲಾಸಿಗೆ ಬಂದಳು. ಮುಖ್ಯೋಪಾಧ್ಯಾಯಿನಿ ಒಂದೇ ಷರತ್ತು ಹಾಕಿದರು: ಗೇಟಿನೊಳಗೆ ನಾನು ಅವಳ ತಾಯಿಯಲ್ಲ, ಟೀಚರ್. ನಾನು ಒಪ್ಪಿದ್ದಷ್ಟೇ ಅಲ್ಲ, ಅತಿ ಮಾಡಿದೆ. ಯಾರೂ ಬೆರಳು ತೋರಿಸಬಾರದೆಂದು ಅವಳ ಮೂಗನ್ನು ಎಲ್ಲರಿಗಿಂತ ಕಡೆಗೆ ಒರೆಸುತ್ತಿದ್ದೆ. ಅತ್ತವರನ್ನೆಲ್ಲ ತೊಡೆಯ ಮೇಲೆ ಕೂರಿಸಿಕೊಳ್ಳುತ್ತಿದ್ದೆ, ಅವಳನ್ನು ಬಿಟ್ಟು. ಮಮ್ಮಿ ಎಂದು ಕರೆದರೆ ಕೇಳಿಸದವಳಂತಿರುತ್ತಿದ್ದೆ. ಹದಿನೈದು ದಿನದಲ್ಲಿ ಸರಿಹೋದಳು. ನನಗೆ ಹೆಮ್ಮೆಯೂ ಆಯಿತು.

ಮಕ್ಕಳನ್ನು ಕಳಿಸುವಾಗ ಅವರ ಕೊರಳ ಚೀಟಿಗೂ ಕರೆಯಲು ಬಂದವರ ಕೈಯ ಚೀಟಿಗೂ ತಾಳೆ ನೋಡಿ, ರಿಜಿಸ್ಟರಿನಲ್ಲಿ ಸಹಿ ಹಾಕಿಸಿಕೊಳ್ಳಬೇಕಿತ್ತು. ಮಗಳ ಹೆಸರು ಆ ರಿಜಿಸ್ಟರಿನಲ್ಲಿ ಇರಲಿಲ್ಲ. ತಾಯಿ ಎದುರಿಗೇ ಇರುವಾಗ ಯಾತಕ್ಕೆಂದು ನಾನೇ ಬರೆದಿರಲಿಲ್ಲ.

ಒಂದು ಮಧ್ಯಾಹ್ನ ಒಬ್ಬ ಇನ್ನೊಬ್ಬನ ಕೆನ್ನೆ ಕಚ್ಚಿದ. ಕಚ್ಚಿಸಿಕೊಂಡವನ ಅಜ್ಜಿ ಗೇಟಿನಲ್ಲಿ ನಿಂತು ಹಲ್ಲಿನ ಗುರುತು ಎಣಿಸಿದರು. ಕಚ್ಚಿದವನ ತಾಯಿ, ತನ್ನ ಮಗನಿಗೆ ಅಷ್ಟು ಹಲ್ಲೇ ಇಲ್ಲ ಎಂದರು. ಇಬ್ಬರನ್ನೂ ಸಮಾಧಾನ ಮಾಡಿ, ಅದಲುಬದಲಾದ ಬೂಟುಗಳನ್ನು ಸರಿಮಾಡಿ, ರಿಜಿಸ್ಟರ್ ನೋಡಿದೆ. ಎಲ್ಲ ಹೆಸರಿನ ಮುಂದೆಯೂ ಸಹಿ ಇತ್ತು. ಹೊರಟೆ.

ಮನೆಗೆ ಬಂದು ಕುಕ್ಕರ್ ಇಟ್ಟೆ. ಎರಡನೇ ಶಿಫ್ಟಿಗೆ ಹೊರಟಿದ್ದ ಯಜಮಾನರು ಕೇಳಿದರು, "ಕೂಸು ಎಲ್ಲದ?"

"ಎಲ್ಲಾರ್ನೂ ಕಳಿಸೇ ಬಂದೀನ್ರಿ. ಒಬ್ರೂ ಉಳಿದಿಲ್ಲ."

ಅವರು ನನ್ನ ಮುಖವನ್ನೇ ನೋಡಿದರು. "ನಮ್ಮ ಕೂಸು," ಎಂದರು.

ಬರಿಗಾಲಲ್ಲೇ ಓಡಿದೆ. ಶಾಲೆಯ ಆಚೆ ಹೆದ್ದಾರಿ. ನನ್ನನ್ನು ಹುಡುಕಿಕೊಂಡು ಅವಳು ಗೇಟು ದಾಟಿದ್ದರೆ ಏನು ಗತಿ?

ದಾಟಿರಲಿಲ್ಲ. ಕ್ಲಾಸಿನಲ್ಲಿ ಆಯಾ ನೆಲ ಒರೆಸುತ್ತಿದ್ದಳು. ಮಗಳು ಕೊರಳಿಗೆ ನೀರಿನ ಬಾಟಲಿ ಹಾಕಿಕೊಂಡು, ಒದ್ದೆಯಾಗದಂತೆ ಕಾಲು ಮೇಲೆತ್ತಿ ಬೆಂಚಿನ ಮೇಲೆ ಕೂತಿದ್ದಳು. ಅಳುತ್ತಿರಲಿಲ್ಲ. ನನ್ನನ್ನು ಕಂಡು ಎದ್ದು ನಿಂತು, ಕ್ಲಾಸಿನಲ್ಲಿ ಮಾತಾಡುವ ಮರಾಠಿಯಲ್ಲೇ ಹೇಳಿದಳು, "ಟೀಚರ್, ಮಾಝಿ ಮಮ್ಮಿ ಅಜೂನ್ ಆಲಿ ನಾಹಿ."

ಅವಳ ಮಮ್ಮಿ ಇನ್ನೂ ಬಂದಿರಲಿಲ್ಲವಂತೆ.

"ಬಂದೀನಿ, ಬಾರವ್ವಾ," ಎಂದೆ. ನಾಚಿಕೆಯಿಂದ ನಿಲ್ಲಲಾಗಲಿಲ್ಲ. ಒದ್ದೆ ನೆಲದ ಮೇಲೇ ಕೂತು, ಅವಳನ್ನು ತೊಡೆಗೆ ಎಳೆದುಕೊಂಡು ಅತ್ತುಬಿಟ್ಟೆ. ಅವಳು ಸ್ವಲ್ಪ ಹೊತ್ತು ಮೈ ಬಿಗಿಹಿಡಿದು ಕೂತಿದ್ದಳು. ಆಮೇಲೆ ಆಯಾಳ ಕಡೆ ಒಮ್ಮೆ ನೋಡಿ, ಮೆಲ್ಲಗೆ ನನ್ನ ತೊಡೆಯಿಂದಿಳಿದು, ಮತ್ತೆ ಬೆಂಚಿಗೆ ಹೋಗಿ ಕೂತಳು.